ಹಳೇ ಬಾವಿಯಲ್ಲೊಂದು ಮನೆ

“ಕೊಡೆಯಕ್ಕಾ, ನಿಂಗೊಂದು ಮನೆ ಸಿಕ್ತು ಕಣೇ,” ಎಂದು ಪಾಸಮ್ಮ ಮರದ ಅಡ್ಡಹಲಗೆಯ ಮೇಲಿಂದ ಕತ್ತು ಚಾಚಿ ಹೇಳಿದಳು. ಆ ದಿನದ ಅವಾಂತರವೆಲ್ಲ ಶುರುವಾದದ್ದು ಆ ಒಂದು ಮಾತಿನಿಂದ.

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಹಿಂದೆ ಕೂರುವವಳು ಕೊಡೆಯಕ್ಕ. ಅವಳಿಗೊಂದು ಬೇರೆ ಹೆಸರಿತ್ತು. ಆದರೆ ಬಸ್ಸಿನಲ್ಲಿ ಜನ ಮರೆತು ಇಳಿಯುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆಗಿದ್ದರಿಂದ, ಆಫೀಸಿನವರು ಅವಳ ಹೆಸರನ್ನೂ ಎಲ್ಲೋ ಮರೆತು ಇಳಿದುಬಿಟ್ಟಿದ್ದರು. ಅವಳ ಬೆನ್ನ ಹಿಂದಿನ ಸರಳಿಗೆ ಕಪ್ಪು ಕೊಡೆಗಳು ಹಗಲುನಿದ್ದೆಯ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಪಕ್ಕದ ಕೌಂಟರಿನಲ್ಲಿ ತಿಂಗಳ ಪಾಸು ಕೊಡುವವಳು ಪಾಸಮ್ಮ. ಅವಳಿಗೆ ಕೈಗಿಂತ ಬಾಯಿಗೆ ಕೆಲಸ ಜಾಸ್ತಿ. ಊರಿನ ಸುದ್ದಿಯೆಲ್ಲ ಅವಳ ಕಿಂಡಿಯಲ್ಲಿ ಒಮ್ಮೆ ನುಸುಳಿಯೇ ಮುಂದೆ ಹೋಗಬೇಕು.

ಕೊಡೆಯಕ್ಕನಿಗೆ ಮನೆ ಬೇಕಾಗಿದ್ದುದು ನಿಜ. ಭಾನುವಾರದೊಳಗೆ ಈಗಿರುವ ಬಾಡಿಗೆ ಮನೆ ಬಿಡಬೇಕು, ಅಂದು ಶುಕ್ರವಾರ. ಮಹಡಿಯ ಮೇಲಿರುವ ಮಾಲಕಿ ಅಜ್ಜಿಗೆ ಕೆಳಗಿನ ಮನೆಯಲ್ಲಿ ಚಮಚ ಬಿದ್ದರೂ ಯಾವ ಚಮಚ ಎಂದು ತಿಳಿಯಬೇಕು. ಅಂಥವರು ಒಂದು ದಿನ ಮೆಟ್ಟಿಲಿಳಿದು ಬಂದು, “ನನ್ನ ಮಗಳು ಬಂದು ಇಲ್ಲೇ ಇರ್ತೀನಿ ಅಂತಿದಾಳೆ, ನೀವು ಬೇರೆ ನೋಡ್ಕೊಳ್ಳಿ, ಬೇಜಾರು ಮಾಡ್ಕೋಬೇಡಿ,” ಎಂದು ಹೇಳಿ, ತಾವೇ ಅತ್ತು, ಮೇಲೆ ಹೋಗಿದ್ದರು. ಅಂದಿನಿಂದ ಕೊಡೆಯಕ್ಕ ನೋಡದ ಮನೆಯಿಲ್ಲ. ಒಂದು ಮನೆಯಲ್ಲಿ ಅಡುಗೆಮನೆ ದಾಟಿದರೇ ಬಚ್ಚಲು, ಬಚ್ಚಲು ದಾಟಿದರೇ ಮಲಗುವ ಕೋಣೆ. ಇನ್ನೊಂದು ಮನೆಯ ಮಾಲೀಕರು, “ನೀವಿಬ್ಬರೂ ಜೋರಾಗಿ ನಗ್ತೀರಾ?” ಎಂದು ಕೇಳಿದ್ದರು. ನಗುವ ಸ್ಥಿತಿಯಲ್ಲಿ ಇಲ್ಲವೆಂದರೂ ನಂಬಿರಲಿಲ್ಲ.

ಗಂಡನಿಂದ ನೆರವು ಸಿಗುವಂತಿರಲಿಲ್ಲ. ಬೇಕರಿಯಲ್ಲಿ ಅವನಿಗೆ ರಾತ್ರಿಪಾಳಿ. ರಾತ್ರಿಯಿಡೀ ಹಿಟ್ಟು ನಾದಿ, ಹಗಲಿಡೀ ತಾನೇ ನಾದಿಟ್ಟ ಹಿಟ್ಟಿನ ಹಾಗೆ ಮಲಗಿಬಿಡುವ ಮನುಷ್ಯ. ಮಲಗುವ ಮುಂಚೆ ಫೋನನ್ನೂ ಮಲಗಿಸಿಬಿಡುತ್ತಿದ್ದ. ಯಾರ ಮನಸ್ಸೂ ನೋಯಬಾರದು ಎನ್ನುವುದು ಅವನ ಒಂದೇ ಸಿದ್ಧಾಂತ. “ಸಿಗುತ್ತೆ ಬಿಡೇ,” ಎಂದು ಹೇಳಿ ಗೋಡೆಯ ಕಡೆ ತಿರುಗುತ್ತಿದ್ದ.

“ಎಲ್ಲಿ ಪಾಸಮ್ಮಾ?” ಎಂದು ಕೊಡೆಯಕ್ಕ ಎದ್ದೇ ನಿಂತಳು.

“ಹಳೇ ಬಾವೀಲಿ.”

ಕೊಡೆಯಕ್ಕ ಮತ್ತೆ ಕೂತಳು.

ಆ ಊರಿನಲ್ಲಿ ಹಳೇ ಬಾವಿ ಎನ್ನುವುದು ಒಂದು ಜಾಗದ ಹೆಸರಾಗಿ ಉಳಿದಿರಲಿಲ್ಲ. ನೆಗಡಿಯ ಹಾಗೆ ಒಂದರಿಂದ ಒಂದಕ್ಕೆ ಹತ್ತಿಕೊಂಡಿತ್ತು. ಯಾವ ಕಾಲದಲ್ಲೋ ಎಲ್ಲೋ ಒಂದು ಬಾವಿ ಇದ್ದಿರಬೇಕು. ಅದರ ಪಕ್ಕದ ಬಸ್ ಸ್ಟಾಪಿಗೆ ಆ ಹೆಸರು ಬಂತು. ರಸ್ತೆ ಅಗಲ ಮಾಡುವಾಗ ಸ್ಟಾಪು ಬೇರೆ ಕಡೆ ಹೋಯಿತು, ಹೋಗುವಾಗ ಬಸವನಹುಳು ಚಿಪ್ಪು ಹೊತ್ತುಕೊಂಡು ಹೋಗುವ ಹಾಗೆ ಹೆಸರನ್ನೂ ಹೊತ್ತುಕೊಂಡು ಹೋಯಿತು. ಹಳೇ ಬಾವಿ ಶಾಲೆಯದೂ ಅದೇ ಕತೆ. ಆಮೇಲೆ ಆ ಸ್ಟಾಪಿನಲ್ಲಿ ಹಳೇ ಬಾವಿ ಮೆಡಿಕಲ್ಸ್ ಹುಟ್ಟಿತು, ಊರಾಚೆ ಹಳೇ ಬಾವಿ ಬಡಾವಣೆ ಎದ್ದಿತು. ಕೊಡೆಯಕ್ಕನ ಗಂಡ ಕೆಲಸ ಮಾಡುತ್ತಿದ್ದುದೂ ಹಳೇ ಬಾವಿ ಬೇಕರಿಯಲ್ಲೇ. ಅದರ ಯಜಮಾನ ತನ್ನ ಹುಟ್ಟೂರಿನ ಇನ್ಯಾವುದೋ ಹಳೇ ಬಾವಿಯ ನೆನಪಿಗೆ ಆ ಹೆಸರಿಟ್ಟಿದ್ದ. ಅಲ್ಲಿಯ ಬ್ರೆಡ್ಡಿಗೂ ಜನ ಹಳೇ ಬಾವಿ ಎಂದೇ ಹೇಳುತ್ತಿದ್ದರು. “ಒಂದು ಹಳೇ ಬಾವಿ ಕೊಡಿ, ಕತ್ತರಿಸಿ ಕೊಡಿ,” ಎನ್ನುತ್ತಿದ್ದರು. ಬಾವಿಯನ್ನು ಮಾತ್ರ ಕಂಡವರಿರಲಿಲ್ಲ.

“ಯಾವ ಹಳೇ ಬಾವಿ?” ಎಂದು ಕೇಳಿದಳು ಕೊಡೆಯಕ್ಕ.

“ಅಯ್ಯೋ, ಹಳೇ ಬಾವಿ ಅಂದ್ರೆ ಹಳೇ ಬಾವಿ ಕಣೇ. ನಮ್ಮ ಚಿಕ್ಕಮ್ಮನ ಸೊಸೆ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದು. ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಿದ್ದಾಗ ಮನೆ ಮಾಲೀಕರೇ ಪಕ್ಕದಲ್ಲಿ ಕೂತಿದ್ರಂತೆ. ಎರಡು ಕೋಣೆ ಅಂತೆ, ಹಿಂದೆ ಅಂಗಳ ಅಂತೆ, ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತಂತೆ. ನೀರು ಇಪ್ಪತ್ನಾಲ್ಕು ಗಂಟೆ ಅಂತೆ. ಮಾಲೀಕರು ಮೇಲ್ಗಡೆ ಇರ್ತಾರಂತೆ, ಆದ್ರೆ ಒಂದು ತಂಟೆಗೂ ಬರೋರಲ್ಲವಂತೆ.”

“ಅಂಥ ಮನೆ ಬಿಟ್ಟು ಈಗಿರೋರು ಯಾಕೆ ಹೋಗ್ತಿದಾರೆ?”

“ಅವರಿಗೆ ಇದಕ್ಕಿಂತ ದೊಡ್ಡ ಮನೆ ಸಿಕ್ಕಿದೆಯಂತೆ. ಪುಣ್ಯವಂತರು.”

ಕೊಡೆಯಕ್ಕ ನಿಟ್ಟುಸಿರು ಬಿಟ್ಟಳು. ಕೆಲವರಿಗೆ ಹಾಗೆ, ಕಾಲಿಟ್ಟಲ್ಲೆಲ್ಲ ಮನೆ ಸಿಗುತ್ತದೆ. “ಸರಿ, ಆ ನಿಮ್ಮ ಚಿಕ್ಕಮ್ಮನ ಸೊಸೆಗೆ ಒಂದು ಫೋನ್ ಹಚ್ಚಿ, ಯಾವ ಹಳೇ ಬಾವಿ ಅಂತ ಕೇಳೋಣ.”

“ಕೇಳಬಹುದು, ಅವಳು ಹೇಳೋ ಹಾಗಿಲ್ಲ. ಆಮೇಲೆ ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದಾರೆ. ನಾಳೆವರೆಗೂ ಮಾತಾಡಬಾರದಂತೆ. ನೀನು ಹೊರಡು ಮಾರಾಯ್ತಿ. ಇವತ್ತು ಯಾರು ಮೊದಲು ಬಂದು ಮುಖ ತೋರಿಸ್ತಾರೋ ಅವರಿಗೇ ಮನೆ ಅಂತೆ. ಆ ಮಾಲೀಕರಿಗೆ ಫೋನು ಗೀನು ಆಗಿಬರಲ್ಲವಂತೆ.”

ಹೊರಡಬೇಕಾದರೆ ದೊಡ್ಡವರ ಅಪ್ಪಣೆ ಬೇಕು. ದೊಡ್ಡವರು ಎಂದರೆ ನಿಲ್ದಾಣದ ಮೇಲಧಿಕಾರಿ. ಸ್ವಂತ ಮದುವೆಗೆ ರಜೆ ಕೇಳಿದ ಕ್ಲಾರ್ಕನಿಗೆ, “ಸಂಜೆ ಇಟ್ಕೋಬಹುದಿತ್ತಲ್ಲ,” ಎಂದಿದ್ದವರು. ಕೊಡೆಯಕ್ಕ ಬಾಗಿಲಲ್ಲಿ ನಿಂತು ಎರಡು ಸಲ ಗಂಟಲು ಸರಿಮಾಡಿಕೊಂಡಳು.

“ಅರ್ಧ ದಿನ ರಜೆ ಬೇಕಿತ್ತು ಸಾರ್. ಮನೆ ನೋಡೋಕೆ.”

“ಎಂಥ ಮನೆ?” ಎಂದರು ಅವರು, ಟೀ ಲೋಟದಿಂದ ಕಣ್ಣೆತ್ತದೆ.

ವಿವರ ಕೊಟ್ಟರೆ ಕರುಣೆ ಹುಟ್ಟೀತೆಂದು ಕೊಡೆಯಕ್ಕ ಎಲ್ಲವನ್ನೂ ಹೇಳಿದಳು. ಕೋಣೆ, ಅಂಗಳ, ಬಿಸಿಲು, ತಂಟೆಗೆ ಬಾರದ ಮಾಲೀಕರು, ಮೊದಲು ಬಂದವರಿಗೆ ಕೊಡುವ ಪದ್ಧತಿ. “ನೀರು ಇಪ್ಪತ್ನಾಲ್ಕು ಗಂಟೆ ಬರುತ್ತಂತೆ ಸಾರ್,” ಎಂದಾಗ ಲೋಟ ತುಟಿಯ ಹತ್ತಿರ ನಿಂತಿತು.

“ಇಪ್ಪತ್ನಾಲ್ಕು ಗಂಟೇನಾ?”

“ಹಾಗಂತೆ ಸಾರ್. ಹಳೇ ಬಾವಿ ಹತ್ರ.”

“ಪಾಪ, ಹೋಗಿ ಬನ್ನಿ. ತಲೆ ಮೇಲೊಂದು ಸೂರು ಅನ್ನೋದು ಮುಖ್ಯ ಅಲ್ವಾ,” ಎಂದರು ದೊಡ್ಡವರು, ತುಂಬ ಮೆತ್ತಗೆ. ಕೊಡೆಯಕ್ಕ ಬೆರಗಾಗಿ ಹೊರಬಂದಳು. ಒಳಗಿನಿಂದ ಅವರು ಜೀಪಿನ ಡ್ರೈವರನನ್ನು ಕೂಗುತ್ತಿದ್ದುದು ಕೇಳಿಸಿತು. ಮಾತು ಮುಗಿದ ಮೇಲೆ ಅವರಿಗೆ ಸದಾ ಎಲ್ಲಿಗೋ ಹೋಗುವ ಕೆಲಸವಿರುತ್ತದೆ ಎಂದುಕೊಂಡಳು.

ಮೊದಲು ಹಳೇ ಬಾವಿ ಸ್ಟಾಪಿನಲ್ಲಿ ಇಳಿದಳು. ಒಂದು ಕಡೆ ಪೆಟ್ರೋಲ್ ಬಂಕು, ಇನ್ನೊಂದು ಕಡೆ ಗೋಡೌನು, ನಡುವೆ ಹಳೇ ಬಾವಿ ಮೆಡಿಕಲ್ಸ್. ಔಷಧಿ ಅಂಗಡಿಯವನು ಯಾರದೋ ಚೀಟಿಯನ್ನು ಬೆಳಕಿಗೆ ಹಿಡಿದು, ಡಾಕ್ಟರ ಬರಹದ ಮುಂದೆ ಸೋಲೊಪ್ಪಿಕೊಳ್ಳುತ್ತಿದ್ದ.

“ಅಣ್ಣಾ, ಹಳೇ ಬಾವಿ ಹತ್ರ ಒಂದು ಮನೆ ಬಾಡಿಗೆಗಿದೆಯಂತಲ್ಲ, ಎಲ್ಲಿ ಬರುತ್ತೆ?”

“ಹಳೇ ಬಾವಿ ಇದೇ. ಮನೆ ಎಲ್ಲಿದೆ ಇಲ್ಲಿ? ಬಂಕಿನಲ್ಲಿ ಇರ್ತೀರಾ?”

“ಬಾವಿ ಎಲ್ಲಿದೆ?”

“ಬಾವಿ ಕಟ್ಕೊಂಡು ನನಗೇನು? ಅಂಗಡಿ ಕೊಂಡಾಗ ಬೋರ್ಡು ಸಮೇತ ಕೊಂಡೆ, ಅದರ ಮೇಲೆ ಹಾಗಂತ ಬರೆದಿತ್ತು.”

ಚೀಟಿ ತಂದಿದ್ದ ಗಿರಾಕಿ ಕೆಮ್ಮುತ್ತಲೇ ನಡುವೆ ಬಂದ. “ಹಳೇ ಬಾವಿ ಅಂದ್ರೆ ಶಾಲೆ ಹತ್ರ ಕಣಮ್ಮಾ. ಇದು ಬರೀ ಸ್ಟಾಪು.”

“ಸ್ಟಾಪಿಗೆ ಹೆಸರು ಬಂದ ಮೇಲೆ ತಾನೇ ಶಾಲೆಗೆ ಬಂದಿದ್ದು?” ಎಂದ ಅಂಗಡಿಯವನು.

“ಶಾಲೆಯಲ್ಲಿ ನಮ್ಮಪ್ಪ ಓದಿದಾರೆ. ನಿಮ್ಮ ಸ್ಟಾಪಿನಲ್ಲಿ ಯಾರು ಓದಿದಾರೆ?”

ಅಂಗಡಿಯವನು ಚೀಟಿಯನ್ನು ಕೆಳಗಿಟ್ಟ. ಅವನು ಕೊಡೆಯಕ್ಕನ ಕಡೆ ತಿರುಗಿದ. “ಅದು ಎಂಥ ಮನೆ ಅಕ್ಕಾ? ಗುರುತು ಹೇಳಿ, ಗೊತ್ತಾದ್ರೂ ಗೊತ್ತಾಗಬಹುದು.” ಅವಳು ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಹಸಿದವನಿಗೆ ಊಟದ ಪಟ್ಟಿ ಓದಿ ಹೇಳಿದ ಹಾಗಾಯಿತು. “ಎರಡು ಕೋಣೆ ಅಂದ್ರಾ? ನಾನು ಬಾಮೈದನ ಟಯರ್ ಅಂಗಡಿ ಮೇಲೆ ಒಂದು ಕೋಣೇಲಿದೀನಿ, ಮೂರು ಮಕ್ಕಳು ಇಟ್ಕೊಂಡು. ಹೋಗಲಿ ಬಿಡಿ. ನಿಮಗೆ ಸಿಗಲಿ.” ಆಮೇಲೆ ಯೋಚನೆ ಮಾಡುತ್ತ ಗಲ್ಲ ಕೆರೆದುಕೊಂಡು, “ಮೊದಲು ಬಂದೋರಿಗೇ ಅಂತೀರಾ?” ಎಂದ.

ಶಾಲೆ ಎರಡು ಮೈಲಿ ಆಚೆಗಿತ್ತು. ಗೇಟಿನ ಮೇಲೆ ಹಳೇ ಬಾವಿ ಶಾಲೆ ಎಂದು ದೊಡ್ಡ ಅಕ್ಷರಗಳಿದ್ದವು. ಕೊಡೆಯಕ್ಕ ಒಳಗೆ ಕಾಲಿಟ್ಟದ್ದೇ ತಡ, ಮುಖ್ಯೋಪಾಧ್ಯಾಯಿನಿ ಕೋಣೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು.

“ಬಂದ್ರಾ? ಬನ್ನಿ. ಕೂತ್ಕೊಳ್ಳಿ.”

ಅವರು ತೋರಿಸಿದ್ದು ಒಂದನೇ ಕ್ಲಾಸಿನ ಬೆಂಚು. ಕೊಡೆಯಕ್ಕ ಅದರಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಳು.

“ನೋಡಿಮ್ಮ, ಮಕ್ಕಳು ಅಂದ ಮೇಲೆ ತುಂಟತನ ಇರುತ್ತೆ. ಆದರೆ ಕಚ್ಚೋದು ಅಂದ್ರೆ? ಅದೂ ಕಿವಿ.”

“ಮೇಡಂ, ನಾನು...”

“ನೀವೇನು ಹೇಳ್ತೀರಿ ಅಂತ ಗೊತ್ತು. ಮನೇಲಿ ಹಾಗಲ್ಲ, ತುಂಬ ಒಳ್ಳೆಯವನು ಅಂತೀರಿ. ಎಲ್ಲ ತಾಯಂದಿರೂ ಹಾಗೇ ಅನ್ನೋದು. ಅವನ ಮುಂದೆ ನೀವು ಗಂಡನ ಜೊತೆ ಜಗಳ ಆಡ್ತೀರಾ?”

ಕೊಡೆಯಕ್ಕನಿಗೆ ಮಕ್ಕಳಿರಲಿಲ್ಲ. ಆದರೆ ಮುಖ್ಯೋಪಾಧ್ಯಾಯಿನಿಯ ಕನ್ನಡಕದ ಮೇಲಿನ ನೋಟಕ್ಕೆ ಅವಳ ನಾಲಿಗೆ ಮೂವತ್ತು ವರ್ಷ ಹಿಂದಕ್ಕೋಡಿ ಗೋಡೆಗೆ ಆತುಕೊಂಡು ನಿಂತಿತ್ತು. “ಒಮ್ಮೊಮ್ಮೆ ಆಡ್ತೀವಿ ಮೇಡಂ,” ಎಂದಳು.

“ನೋಡಿದ್ರಾ. ಅದೇ ಕಾರಣ.”

“ಇನ್ನು ಮೇಲೆ ಆಡಲ್ಲ ಮೇಡಂ.”

“ಮತ್ತೆ ಅವನು?”

“ಅವನೂ ಕಚ್ಚಲ್ಲ ಮೇಡಂ,” ಎಂದು ಹುಟ್ಟದ ಮಗನ ಪರವಾಗಿ ಮಾತು ಕೊಟ್ಟಮೇಲೆ ಅವಳಿಗೆ ತನ್ನ ಕೆಲಸ ನೆನಪಾಯಿತು. ಮನೆಯ ವಿಷಯ ಹೇಳಿದಳು. ಮುಖ್ಯೋಪಾಧ್ಯಾಯಿನಿ ಕ್ಷಮೆ ಕೇಳಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಬೆಳಗಿನ ಬಿಸಿಲು ಬರುತ್ತೆ ಅಂದ್ರಾ? ನಮ್ಮನೇಲಿ ಹಪ್ಪಳ ಒಣಗಿಸಬೇಕಾದ್ರೂ ಪಕ್ಕದ ಮನೆಯವರ ಕಾಲು ಹಿಡೀಬೇಕು. ಇಲ್ಲಿ ಸುತ್ತಮುತ್ತ ಅಂಥ ಮನೆ ಇಲ್ಲಮ್ಮಾ. ಈ ಶಾಲೆ ಮೂರು ಸಲ ಜಾಗ ಬದಲಾಯಿಸಿದೆ. ಮೊದಲು ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ನೀವು ಬಡಾವಣೆ ಕಡೆ ನೋಡಿ, ಹೊಸ ಮನೆಗಳೆಲ್ಲ ಅಲ್ಲೇ.” ಕೊಡೆಯಕ್ಕ ಬೆಂಚಿನಿಂದ ತನ್ನನ್ನು ಬಿಡಿಸಿಕೊಂಡು ಎದ್ದಾಗ ಅವರು ಸೇರಿಸಿದರು: “ಮಾಲೀಕರು ಮಕ್ಕಳಿಲ್ಲದೋರಿಗೇ ಕೊಡ್ತಾರಂತಾ? ನಾನು ಒಬ್ಬಳೇ ಇರೋದು. ಸುಮ್ಮನೆ ಕೇಳ್ದೆ.”

ಹಳೇ ಬಾವಿ ಬಡಾವಣೆಯಲ್ಲಿ ಕಡೆಗೂ ಒಂದು ಬಾವಿ ಕಾಣಿಸಿತು. ಕೊಡೆಯಕ್ಕನ ಎದೆ ಹಗುರವಾಯಿತು. ಹತ್ತಿರ ಹೋಗಿ ಬಗ್ಗಿ ನೋಡಿದಳು. ಮೊಣಕಾಲುದ್ದದ ಸಿಮೆಂಟಿನ ಕಟ್ಟೆ, ಒಳಗೆ ಮಣ್ಣು ತುಂಬಿ ಹೂಗಿಡ ನೆಟ್ಟಿದ್ದರು. ರಾಟೆಗೆ ಪ್ಲಾಸ್ಟಿಕ್ ಹಗ್ಗ. ಮನೆ ಮಾರುವವರು ಊರಿಗೆಲ್ಲ ಚಿರಪರಿಚಿತವಾದ ಹೆಸರೆಂದು ಅದನ್ನು ಇಟ್ಟು, ಹೆಸರಿಗೆ ತಕ್ಕಂತೆ ಬಾವಿಯನ್ನೂ ಮಾಡಿಸಿದ್ದರು.

ಕಾವಲಿನವನಿಗೆ ಏನೂ ಗೊತ್ತಿರಲಿಲ್ಲ. “ಕ್ಷೌರದ ಅಂಗಡೀಲಿ ಕೇಳಿ. ಅಲ್ಲಿ ಗೊತ್ತಿಲ್ಲದಿದ್ದರೂ ಹೇಳ್ತಾರೆ,” ಎಂದ.

ಅಂಗಡಿಯಲ್ಲಿ ಒಬ್ಬ ಗಿರಾಕಿ ಕುರ್ಚಿಯಲ್ಲಿ ಒರಗಿದ್ದ. ಮುಖದ ಎಡಭಾಗ ನುಣ್ಣಗೆ, ಬಲಭಾಗ ನೊರೆ. ಕೊಡೆಯಕ್ಕ ಬಾಗಿಲಾಚೆ ನಿಂತೇ ವಿಷಯ ಹೇಳಿದಳು. ಇಷ್ಟು ಹೊತ್ತಿಗೆ ಮನೆಯ ವರ್ಣನೆ ಬಾಯಿಪಾಠವಾಗಿತ್ತು. ಹೇಳಿ ಹೇಳಿ ಅಂಗಳದಲ್ಲೊಂದು ಮರವೂ ಬೆಳೆದುಬಿಟ್ಟಿತ್ತು. ಸುಳ್ಳು ಹೇಳಬೇಕೆಂದಲ್ಲ, ಅಷ್ಟು ಒಳ್ಳೆಯ ಅಂಗಳದಲ್ಲಿ ಮರ ಇರದಿರಲು ಸಾಧ್ಯವಿಲ್ಲವೆಂದು ಅವಳಿಗೇ ಅನಿಸತೊಡಗಿತ್ತು.

“ಮರ ಏನು ಮರ?” ಎಂದ ಕ್ಷೌರದವನು ಕತ್ತಿ ಎತ್ತಿಹಿಡಿದು.

“ಸೀಬೆ ಇರಬಹುದು,” ಎಂದಳು ಕೊಡೆಯಕ್ಕ ಅನುಮಾನಿಸುತ್ತ.

“ಈ ಬಡಾವಣೇಲಿ ಮರ ಎಲ್ಲಿ ಬಂತು? ಮರ ಬೇಕು ಅಂದ್ರೆ ಹಳೇ ಊರೇ. ಹಳೇ ಊರಿನ ಹಳೇ ಬಾವಿ ಇರಬೇಕು ಅದು.”

“ಅದು ಎಲ್ಲಿ ಬರುತ್ತೆ?”

“ನನ್ನ ಸೋದರಮಾವನಿಗೆ ಗೊತ್ತು. ಎಂಬತ್ತು ವರ್ಷ. ಅಂಗಡಿ ಹಿಂದೇನೇ ಮಲಗಿರ್ತಾರೆ, ಈಗ ಎಬ್ಬಿಸಿದ್ರೆ ಬೈತಾರೆ.”

ನೊರೆಯ ಗಿರಾಕಿ ಕನ್ನಡಿಯಲ್ಲೇ ಕೊಡೆಯಕ್ಕನನ್ನು ನೋಡುತ್ತ ಹೇಳಿದ: “ಮುಂದಿನ ಬಸ್ಸಿಗೆ ಹಳೇ ಬಾವಿ ಅಂತ ಬೋರ್ಡಿರುತ್ತೆ. ಹತ್ತಿ ಕೂತ್ಕೊಂಡುಬಿಡಿ. ಬಸ್ಸಿನವರಿಗೆ ಗೊತ್ತಿಲ್ಲದ ಹಳೇ ಬಾವಿ ಇರುತ್ತಾ?”

ಕೊಡೆಯಕ್ಕ ಹೊರಟು ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಕ್ಷೌರದವನು ಅಂಗಡಿಯ ಬಾಗಿಲು ಅರ್ಧ ಎಳೆಯುತ್ತಿದ್ದ. ಊಟದ ಹೊತ್ತೆಂದುಕೊಂಡಳು.

ಬಸ್ಸು ಬಂತು. ಮುಂದೆ ಹಳೇ ಬಾವಿ ಎಂದಿತ್ತು. ಹತ್ತುವ ಮುಂಚೆ ಎಚ್ಚರಿಕೆಯಿಂದ ಹಿಂದೆಯೂ ನೋಡಿದಳು; ಅಲ್ಲಿಯೂ ಹಳೇ ಬಾವಿ ಎಂದಿತ್ತು.

“ಹಳೇ ಬಾವಿ ಒಂದು,” ಎಂದಳು ಕಂಡಕ್ಟರಿಗೆ.

“ಯಾವ ಹಳೇ ಬಾವಿ? ಬಂಕಿನದಾ, ಶಾಲೇದಾ, ಈಗ ಹತ್ತಿದ್ದಾ, ಕೊನೇದಾ?”

“ಕೊನೇದು ಅಂದ್ರೆ?”

“ಬಸ್ಸು ತಿರುಗಿಸೋ ಜಾಗ. ಅಲ್ಲೇನೂ ಇಲ್ಲ. ತಿರುಗಿಸೋಕೆ ಜಾಗ ಇದೆ ಅಷ್ಟೆ.”

“ಅದಕ್ಯಾಕೆ ಹಳೇ ಬಾವಿ ಅಂತಾರೆ?”

“ಬಸ್ಸಿನ ಬೋರ್ಡಲ್ಲಿ ಹಾಗಿದೆಯಲ್ಲ, ಅದಕ್ಕೆ.”

ಆಮೇಲೆ ಮಾತು ಅವಳ ಕೈಯಲ್ಲಿ ಉಳಿಯಲಿಲ್ಲ. ಮುಂದಿನ ಸೀಟಿನ ಮುದುಕರು ನಿಜವಾದ ಹಳೇ ಬಾವಿ ಬಂಕಿನ ಅಡಿಯಲ್ಲಿದೆ, ಅದಕ್ಕೇ ಪೆಟ್ರೋಲಿನಲ್ಲಿ ನೀರು ಎಂದರು. ತರಕಾರಿ ಬುಟ್ಟಿಯ ಹೆಂಗಸು, ಈ ಊರಿನಲ್ಲಿ ಬಾವಿಯೇ ಇರಲಿಲ್ಲ, ಪಕ್ಕದ ಊರಿನದ್ದನ್ನು ಇವರು ಕದ್ದು ತಂದಿದ್ದಾರೆ ಎಂದಳು. “ಬಾವಿ ಕದಿಯೋಕಾಗುತ್ತೇನಮ್ಮ?” ಎಂದರು ಮುದುಕರು. “ಹೆಸರು ಕದಿಯೋಕೆ ಗಾಡಿ ಬೇಕಾ?” ಎಂದಳು ಅವಳು. ಹಿಂದಿನ ಸೀಟಿನವರು ಶಾಲೆಯ ಪಕ್ಷ ಹಿಡಿದರು. ಕಂಡಕ್ಟರ್ ಎಲ್ಲರಿಗೂ ಒಂದೇ ಸಮ ವಿರೋಧಿಯಾದ. ಜಗಳದ ಭರದಲ್ಲಿ ಹಳೇ ಬಾವಿಗಳು ಒಂದಾದ ಮೇಲೊಂದು ಕಿಟಕಿಯಾಚೆ ಹಿಂದೆ ಸರಿದವು; ಇಳಿಯಬೇಕಾದವರು ಇಳಿಯಲಿಲ್ಲ, ಹತ್ತಬೇಕಾದವರು ಓಡಿ ಬಂದು ಸುಮ್ಮನೆ ಕೈ ಬೀಸಿದರು. ಕೊಡೆಯಕ್ಕನ ತಲೆ ಬೀಸುವ ಕಲ್ಲಿಗೆ ಸಿಕ್ಕ ಕಾಳಿನಂತಾಯಿತು. ತಾನು ಹುಡುಕುತ್ತಿರುವುದು ಮನೆಯನ್ನೋ, ಬಾವಿಯನ್ನೋ, ಅದೂ ಅವಳಿಗೆ ಸ್ಪಷ್ಟವಿರಲಿಲ್ಲ. ಇಷ್ಟು ಹೊತ್ತಿಗೆ ಯಾರೋ ಒಬ್ಬರು ಹೋಗಿ ಮುಖ ತೋರಿಸಿಯೇ ಇರುತ್ತಾರೆ ಎನಿಸಿ, ಬಸ್ಸು ಅವಳ ಮನೆಯ ಹತ್ತಿರದ ಇಳಿಜಾರು ಸ್ಟಾಪಿನಲ್ಲಿ ನಿಧಾನವಾದಾಗ ಇಳಿದೇಬಿಟ್ಟಳು. ಬಸ್ಸು ತಿರುವು ದಾಟಿದ ಮೇಲೆ ಕೈ ಯಾಕೋ ಹಗುರ ಎನಿಸಿತು. ತನ್ನ ಕೊಡೆಯನ್ನು ಸೀಟಿನ ಮೇಲೇ ಬಿಟ್ಟು ಬಂದಿದ್ದಳು.

ಮನೆಯ ಬೀದಿಗೆ ಇಳಿಜಾರು ಎಂದೇ ಹೆಸರು. ಕಾಗದ ಬರುವುದೂ ಆ ಹೆಸರಿಗೇ. ಮೂರನೆಯದಾದ ತನ್ನ ಮನೆಯ ಗೇಟಿನ ಮುಂದೆ ಅವಳ ಕಾಲು ನಿಂತಿತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಗಂಡಸರದು, ಹೆಂಗಸರದು, ನಡುವೆ ಒಂದು ಜೊತೆ ಮಿರಮಿರ ಹೊಳೆಯುವ ಬೂಟು. ಒಂದು ಮನೆಯ ಮುಂದೆ ಇಷ್ಟು ಚಪ್ಪಲಿ ಯಾವಾಗ ಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಹೊರಡುವಾಗ ಗಂಡ ಉಸಿರಾಡುತ್ತಿದ್ದನೇ ಎಂದು ನೆನಪು ಮಾಡಿಕೊಳ್ಳುತ್ತ ಒಳಗೆ ಓಡಿದಳು.

ಗಂಡ ಉಸಿರಾಡುತ್ತಿದ್ದ. ಕೂದಲು ಒಂದೇ ಪಕ್ಕಕ್ಕೆ ಎದ್ದು ನಿಂತಿತ್ತು, ಕೈಯಲ್ಲಿ ಟೀ ತಟ್ಟೆ. ಮನೆಯ ಲೋಟಗಳೆಲ್ಲ ಖರ್ಚಾಗಿ ಕೊನೆಗೆ ಹಿಟ್ಟು ಅಳೆಯುವ ಪಾವಿನಲ್ಲೂ ಟೀ ತುಂಬಿದ್ದ.

“ಬಾ ಬಾ. ಎಲ್ಲರೂ ನಿನಗೆ ಗೊತ್ತಿರೋರೇ ಅಲ್ವಾ,” ಎಂದ ಸಂತೋಷದಿಂದ.

ಎಲ್ಲರೂ ಅವಳಿಗೆ ಗೊತ್ತಿರುವವರೇ. ಔಷಧಿ ಅಂಗಡಿಯವನು ಗೋಡೆ ತಟ್ಟಿ ಗಟ್ಟಿಯಿದೆಯೇ ಎಂದು ನೋಡುತ್ತಿದ್ದ. ಮುಖ್ಯೋಪಾಧ್ಯಾಯಿನಿ ಅಂಗಳದಲ್ಲಿ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಹೆಜ್ಜೆ ಹಾಕುತ್ತಿದ್ದರು. ಕ್ಷೌರದವನು, ಅವನ ಪಕ್ಕದಲ್ಲೇ ಬಲಗೆನ್ನೆಯಲ್ಲಿ ನೊರೆ ಒಣಗಿ ಸುಣ್ಣವಾಗಿದ್ದ ಆ ಗಿರಾಕಿ. ಮೂಲೆಯಲ್ಲಿ ಟೀ ಹೀರುತ್ತ ಕೂತಿದ್ದವನು ದೊಡ್ಡವರ ಜೀಪಿನ ಡ್ರೈವರ್. ಮದುವೆಯಾಗಿ ತಿಂಗಳಾದರೂ ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಇರುವವನು. ಎಲ್ಲರ ನಡುವೆ ಕುರ್ಚಿಯಲ್ಲಿ, ಒಂದು ಕೆನ್ನೆ ಊದಿಸಿಕೊಂಡು, ಮಾಲಕಿ ಅಜ್ಜಿ.

“ಇದೇನಿದು?” ಎಂದಳು ಕೊಡೆಯಕ್ಕ.

“ಮನೆ ನೋಡೋಕೆ ಬಂದ್ವಿ ಅಂದ್ರು,” ಎಂದ ಗಂಡ. “ನಿದ್ದೆಗಣ್ಣು ನೋಡು. ನೀನೇ ಕಳಿಸಿರಬೇಕು ಅಂತ ತೋರಿಸ್ದೆ.”

“ನೀವೇ ಹೇಳಿದ್ದಲ್ವಾ ಅಕ್ಕಾ, ಹಳೇ ಬಾವಿ ಅಂತ,” ಎಂದ ಔಷಧಿ ಅಂಗಡಿಯವನು ಸಂಕೋಚದಿಂದ. “ನೀವು ಹೋದ ಮೇಲೆ ನಮ್ಮಮ್ಮನ್ನ ಕೇಳ್ದೆ. ಹಳೇ ಬಾವಿ ಅಂದ್ರೆ ಬಾವಿ ಇದ್ದ ಮನೆ ಕಣೋ ಮಂಕೇ, ಇಳಿಜಾರಿನಲ್ಲಿದೆಯಲ್ಲ, ಅಂದ್ರು.”

“ನಮ್ಮ ಮಾವನೂ ಅದೇ ಅಂದ್ರು, ಬೈದುಕೊಂಡು,” ಎಂದ ಕ್ಷೌರದವನು. ಮುಖ್ಯೋಪಾಧ್ಯಾಯಿನಿ ನಿವೃತ್ತ ಮೇಷ್ಟರೊಬ್ಬರಿಗೆ ಫೋನು ಮಾಡಿದ್ದರು. ಡ್ರೈವರನ ಅಜ್ಜಿ ಇದೇ ಬೀದಿಯಲ್ಲಿ ಹುಟ್ಟಿದವರು.

ಕೊಡೆಯಕ್ಕ ಮಾಲಕಿ ಅಜ್ಜಿಯ ಕಡೆ ನೋಡಿದಳು. “ಈ ಮನೆ ಹಳೇ ಬಾವೀನಾ ಅಜ್ಜೀ?”

“ಮತ್ತಿನ್ನೇನು? ನಾನು ಹುಟ್ಟಿದಾಗಿಂದ ಈ ಮನೆಗೆ ಅದೇ ಹೆಸರು. ನಿಮ್ಮ ಬಚ್ಚಲ ಕೆಳಗೇ ಇರೋದು ಬಾವಿ, ಚಪ್ಪಡಿ ಮುಚ್ಚಿದೀವಿ. ಇಳಿಜಾರು ಗಿಳಿಜಾರು ಅಂತೆಲ್ಲ ಆಮೇಲೆ ಬಂದೋರು ಇಟ್ಕೊಂಡಿದ್ದು.”

“ಇಷ್ಟು ವರ್ಷದಲ್ಲಿ ಒಂದು ಸಲನೂ ಹೇಳ್ಲಿಲ್ಲವಲ್ಲ.”

“ನೀನು ಕೇಳ್ಲಿಲ್ಲವಲ್ಲಮ್ಮಾ.”

ಕೊಡೆಯಕ್ಕ ಸುತ್ತ ಕಣ್ಣಾಡಿಸಿದಳು. ಎರಡು ಕೋಣೆ, ಹಿಂದೆ ಅಂಗಳ, ಅಡುಗೆಮನೆಗೆ ಬಿಸಿಲು. ತಾನು ಬೆಳಗಿನಿಂದ ಊರೆಲ್ಲ ಸುತ್ತಿ, ಬಾಯಿ ತುಂಬ ಹೊಗಳಿ, ಆಸೆಪಟ್ಟಿದ್ದು ತಾನಿರುವ ಮನೆಯನ್ನೇ. “ನಿಮ್ಮ ಮಗಳು ಬರ್ತಾಳೆ ಅಂದಿದ್ರಿ.”

“ಬರಲ್ವಂತೆ. ಮೊನ್ನೆ ಹೇಳಿದ್ಲು. ಅದಕ್ಕೇ ಬೇರೆಯವರಿಗೆ ಕೊಡೋಣ ಅಂದ್ಕೊಂಡೆ.”

“ಬೇರೆಯವರಿಗೆ ಯಾಕೆ ಅಜ್ಜೀ? ನಾವಿಲ್ವಾ?”

“ನಿಮಗೆ ದೊಡ್ಡ ಮನೆ ಸಿಕ್ಕಿದೆ ಅಂತ ನಿನ್ನ ಗಂಡ ಹೇಳಿದ್ನಲ್ಲ.”

ಎಲ್ಲರೂ ಗಂಡನ ಕಡೆ ತಿರುಗಿದರು. ಅವನು ತಟ್ಟೆಯಲ್ಲಿದ್ದ ಪಾವನ್ನೇ ನೋಡುತ್ತ ನಿಂತ. “ಅಜ್ಜಿ ಸಿಕ್ಕಾಗೆಲ್ಲ, ನಿಮ್ಮನ್ನ ಬೀದಿಗೆ ಹಾಕ್ತಿದೀನಲ್ಲಪ್ಪಾ ಅಂತ ಅಳೋರು. ನೋಡೋಕಾಗ್ಲಿಲ್ಲ ಕಣೇ. ಮನೆ ಸಿಕ್ಕಿದೆ, ಅಳಬೇಡಿ ಅಂದೆ. ಎಂಥ ಮನೆ ಅಂದ್ರು. ದೊಡ್ಡದು ಅಂದೆ. ಚಿಕ್ಕದು ಅಂದ್ರೆ ಮತ್ತೆ ಅಳ್ತಾರಲ್ಲ.”

ಪಾಸಮ್ಮ ಹೇಳಿದ ಪುಣ್ಯವಂತರು ಯಾರೆಂದು ಕೊಡೆಯಕ್ಕನಿಗೆ ಆಗ ತಿಳಿಯಿತು. ಅಜ್ಜಿಯ ಕೈ ಹಿಡಿದುಕೊಂಡಳು. “ಅದು ಸುಳ್ಳು ಅಜ್ಜೀ. ನಮಗೆ ಯಾವ ಮನೆಯೂ ಸಿಕ್ಕಿಲ್ಲ. ನಾವು ಇಲ್ಲೇ ಇರ್ತೀವಿ.”

ಅಜ್ಜಿಯ ಕಣ್ಣಲ್ಲಿ ಆಗಲೇ ನೀರು. “ಮಾತು ಕೊಟ್ಟಾಯ್ತಲ್ಲಮ್ಮಾ. ಮೊದಲು ಬಂದೋರಿಗೆ ಅಂದಿದ್ದೆ, ಇವರು ಬಂದ್ರು,” ಎಂದು ಬಚ್ಚಲ ಕಡೆ ಕೈ ತೋರಿಸಿದರು.

ಬಚ್ಚಲಿನ ಬಾಗಿಲು ತೆರೆಯಿತು. ಒದ್ದೆ ಕೈಗಳನ್ನು ಕರವಸ್ತ್ರಕ್ಕೆ ಒರೆಸುತ್ತ ದೊಡ್ಡವರು ಹೊರಬಂದರು. ಅವರ ಮುಖದಲ್ಲಿ ಅಂಥ ಕಳೆಯನ್ನು ಕೊಡೆಯಕ್ಕ ಆಫೀಸಿನಲ್ಲಿ ಎಂದೂ ಕಂಡಿರಲಿಲ್ಲ.

“ನೀವು ಹೇಳಿದ್ದು ನಿಜ ಕಣ್ರೀ. ನಾನು ನಲ್ಲಿ ತಿರುಗಿಸಿ ತಿರುಗಿಸಿ ನೋಡ್ದೆ, ನೀರು ನಿಲ್ಲೋದೇ ಇಲ್ಲ.”

ಆ ನಲ್ಲಿ ಕೆಟ್ಟು ಎರಡು ವರ್ಷವಾಗಿತ್ತು. ಅದನ್ನು ಹೇಳಬೇಕೆಂದು ಕೊಡೆಯಕ್ಕ ಬಾಯಿ ತೆರೆದಳು. ಅಜ್ಜಿಯ ಊದಿದ ಕೆನ್ನೆ ನೋಡಿ ಮುಚ್ಚಿದಳು.

ದೊಡ್ಡವರು ಸುತ್ತ ನೋಡಿದರು. ಗಂಡನ ಎದ್ದ ಕೂದಲು, ಹೆಂಡತಿಯ ಬಿದ್ದ ಮುಖ ನೋಡಿ ಅವರಿಗೂ ಏನೋ ಅರ್ಥವಾಗಿರಬೇಕು. “ಓ, ನೀವೇನಾ ಇಲ್ಲಿ ಇರೋದು? ಛೆ ಛೆ. ನೀವು ಚಿಂತೆ ಮಾಡಬೇಡಿ. ನಾನು ಈ ಕಡೆ ಬಂದ್ರೆ ನಮ್ಮ ಮನೆ ಖಾಲಿ ಆಗುತ್ತಲ್ಲ, ನೀವು ಅಲ್ಲಿಗೆ ಹೋಗಿಬಿಡಿ. ಮೂರು ಕೋಣೆ. ನೀರೊಂದು ಬರಲ್ಲ, ಉಳಿದದ್ದೆಲ್ಲ ಅನುಕೂಲ. ಮಾಲೀಕರು ಕೆಳಗೇ ಇರ್ತಾರೆ, ಕೇಳಿದೋರಿಗೆ ಕೊಟ್ಟುಬಿಡ್ತಾರೆ, ಹೆಚ್ಚು ಮಾತಿಲ್ಲ.”

ಗಂಡನ ಮುಖ ಅರಳಿತು. “ನೋಡಿದ್ಯಾ, ಸಿಗುತ್ತೆ ಅಂದಿದ್ನಲ್ಲ. ದೊಡ್ಡದೇ ಸಿಕ್ತು.”

“ಎಲ್ಲಿ ಬರುತ್ತೆ ಸಾರ್?” ಎಂದು ಕೊಡೆಯಕ್ಕ ಮೆಲ್ಲಗೆ ಕೇಳಿದಳು.

“ಹಳೇ ಬಾವಿ ಹತ್ರ.”

ಲೋಟಗಳು ಒಟ್ಟಿಗೇ ನೆಲಕ್ಕಿಳಿದವು, ಬಾಗಿಲಲ್ಲಿ ಚಪ್ಪಲಿಗಳಿಗಾಗಿ ಕಾಲುಗಳು ಹೊಡೆದಾಡಿಕೊಂಡವು. ಔಷಧಿ ಅಂಗಡಿಯವನು ಗೇಟಿನಿಂದ ಎಡಕ್ಕೆ ಓಡಿದ. ಮುಖ್ಯೋಪಾಧ್ಯಾಯಿನಿ ಸೆರಗು ಸಿಕ್ಕಿಸಿಕೊಂಡು ಬಲಕ್ಕೆ ಹೊರಟರು. ಕ್ಷೌರದವನು ಇಳಿಜಾರಿನಲ್ಲಿ ಕೆಳಗೆ, ಅರ್ಧ ಗಡ್ಡದವನು ಅವನ ಹಿಂದೆಯೇ, “ಕತ್ತಿಯಾದ್ರೂ ಕೊಟ್ಟು ಹೋಗಯ್ಯಾ,” ಎನ್ನುತ್ತ.

ಕೊಡೆಯಕ್ಕ ಹೊಸ್ತಿಲ ಮೇಲೆ ನಿಂತು ಆ ಕಡೆ ಈ ಕಡೆ ನೋಡಿ, ತಿರುಗಿದಳು. “ಯಾವ ಹಳೇ ಬಾವಿ ಸಾರ್? ಬೇಗ ಹೇಳಿ.”

ದೊಡ್ಡವರು ಅಡುಗೆಮನೆಯ ಕಿಟಕಿಗೆ ಎಂಥ ಪರದೆ ಒಪ್ಪುತ್ತದೆಂದು ನೋಡುತ್ತಿದ್ದರು. “ಅದು ನನಗೆ ಹೇಗೆ ಗೊತ್ತಾಗಬೇಕು ರೀ? ಬೆಳಿಗ್ಗೆ ಜೀಪಿನಲ್ಲಿ ಕೂತು ಪೇಪರ್ ಬಿಚ್ಚಿದ್ರೆ ಆಫೀಸು ಬರುತ್ತೆ, ಸಂಜೆ ಬಿಚ್ಚಿದ್ರೆ ಮನೆ ಬರುತ್ತೆ. ದಾರಿಯೆಲ್ಲ ಡ್ರೈವರಿಗೆ ಗೊತ್ತು. ಅವನನ್ನ ಕೇಳಿ.”

ಕೊಡೆಯಕ್ಕ ಮೂಲೆಯ ಕಡೆ ನೋಡಿದಳು. ಅರ್ಧ ಕುಡಿದ ಟೀ ಇನ್ನೂ ಹಬೆಯಾಡುತ್ತಿತ್ತು. ಹೊರಗೆ ಬೀದಿಯಲ್ಲಿ ಜೀಪು ಶುರುವಾದ ಸದ್ದು ಕೇಳಿತು.